ಒಂದು ಪಟ್ಟಿ, ನಾಲ್ಕು ಪಿನ್ನು

ಕನ್ನಡ ಪುಸ್ತಕಗಳನ್ನು ಕೊಂಡು ಓದುವವರ ಮನೆಗೆ ಬಿಗಿದ ಹಲಗೆಗಳ ಕಪಾಟು ಒಗ್ಗುವುದಿಲ್ಲ. ಹಳೆಯ ಕ್ರೌನ್ 1/8 ಕಾದಂಬರಿಯ ಎತ್ತರ ಏಳೂಕಾಲು ಇಂಚಿನ ಆಸುಪಾಸು, ಈಗಿನ ಡೆಮಿ 1/8ರದ್ದು ಎಂಟೂವರೆ. ದೀಪಾವಳಿ ವಿಶೇಷಾಂಕಗಳು ಅದಕ್ಕೂ ಮೇಲೆ ತಲೆ ಎತ್ತುತ್ತವೆ. ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳು ಬಂದವೆಂದರೆ ಒಂದಿಡೀ ಸಾಲೇ ಖಾಲಿಯಾಗಬೇಕು. ಹಲಗೆಯನ್ನು ಬೇಕೆಂದಾಗ ಮೇಲಕ್ಕೋ ಕೆಳಕ್ಕೋ ಸರಿಸುವಂತಿರಬೇಕು. ಅದಕ್ಕೆ ಇರುವುದು ಶೆಲ್ಫ್ ಪಿನ್ನು.

ಕಿರುಬೆರಳಿಗಿಂತ ಸಣ್ಣ ಲೋಹದ ಗೂಟ ಅದು. ಕಪಾಟಿನ ಎರಡೂ ಪಕ್ಕದ ಹಲಗೆಗಳಲ್ಲಿ ಮುಂದೊಂದು, ಹಿಂದೊಂದು ಸಾಲು ತೂತು. ಎಡಕ್ಕೆರಡು, ಬಲಕ್ಕೆರಡು ಪಿನ್ನು ಸಿಕ್ಕಿಸಿ ಅವುಗಳ ಮೇಲೆ ಅಡ್ಡಹಲಗೆ ಕೂರಿಸಿದರೆ ಮುಗಿಯಿತು. ಆದರೆ ಆ ನಾಲ್ಕರಲ್ಲಿ ಒಂದು ತೂತು ಎರಡು ಮಿಲಿಮೀಟರ್ ತಪ್ಪಿದರೂ ಹಲಗೆ ಹಳೇ ಹೋಟೆಲಿನ ಮೇಜಿನಂತೆ ಕುಂಟುತ್ತದೆ. ಟೇಪು ಹಿಡಿದು ಒಂದೊಂದೇ ಗುರುತು ಹಾಕುತ್ತ ಹೋದರೆ ತಪ್ಪಿನ ಮೇಲೆ ತಪ್ಪು ಸೇರಿ ಮೇಲಿನ ಸಾಲಿಗೆ ಬರುವಷ್ಟರಲ್ಲಿ ಎಡಬಲಗಳಿಗೆ ಹೊಂದಿಕೆಯೇ ಇರುವುದಿಲ್ಲ.

ಹಾಗಾಗಿ ಅಳತೆ ಒಮ್ಮೆ ಮಾತ್ರ. ಆ ಅಳತೆಯನ್ನು ಒಂದು ಪಟ್ಟಿಯಲ್ಲಿ ತೂತುಗಳಾಗಿ ಕೊರೆದಿಟ್ಟು, ಮುಂದಿನ ಎಲ್ಲ ತೂತುಗಳನ್ನೂ ಆ ಪಟ್ಟಿಯ ಮೂಲಕವೇ ಹಾಕಬೇಕು. ಇದೇ ಜಿಗ್. ಬೆಂಗಳೂರಿನ ಪೂರ್ವಭಾಗದ ಕಾರ್ಖಾನೆಗಳಲ್ಲಿ ಫಿಟ್ಟರ್ ಆಗಿದ್ದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್ಎಎಲ್) ಶುರುವಾಯಿತು, 1948ರಲ್ಲಿ ಕೆ.ಆರ್. ಪುರದ ಹತ್ತಿರ, ಮುಂದೆ ದೂರವಾಣಿನಗರವಾದ ಜಾಗದಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ). 1951ರಲ್ಲಿ ಹಾರಿದ ಎಚ್‌ಟಿ-2ರಂಥ ವಿಮಾನದ ತಗಡುಗಳಿಗೆ ರಿವೆಟ್ಟಿನ ತೂತು ಸಾಲಾಗಿ ಬೀಳಬೇಕಾದರೆ ಕಣ್ಣಳತೆ ನಡೆಯುವುದಿಲ್ಲ, ಜಿಗ್ಗೇ ಬೇಕು. ಇಂದಿರಾನಗರದ ವಿಳಾಸಗಳಲ್ಲಿ ಇಂದಿಗೂ ‘ಎಚ್ಎಎಲ್ ಎರಡನೇ ಹಂತ’ ಎಂದು ಬರೆಯುತ್ತಾರೆ. ಆ ಕಾರ್ಖಾನೆಗಳ ಶಿಸ್ತು ಅಲ್ಲಿನ ಮನೆಯ ಕಪಾಟಿಗೂ ಬರಲಿ ಎಂಬುದು ನನ್ನ ಆಸೆ.

ಪಟ್ಟಿಗೆ 18 ಮಿ.ಮೀ. ಪ್ಲೈವುಡ್ಡೇ ಸಾಕು. ದಪ್ಪವಿದ್ದಷ್ಟೂ ಡ್ರಿಲ್ಲಿನ ಬಿಟ್ ವಾಲದೆ ನೆಟ್ಟಗೆ ಇಳಿಯುತ್ತದೆ. ಪಟ್ಟಿಯ ತೂತುಗಳನ್ನು ಮಾತ್ರ ಕೈಯಲ್ಲಿ ಹಾಕಬಾರದು. ಪಿಲ್ಲರ್ ಡ್ರಿಲ್ ಇರುವ ಯಾವುದಾದರೂ ವರ್ಕ್‌ಶಾಪಿನಲ್ಲಿ ಹಾಕಿಸಿಕೊಳ್ಳುವುದು ಮೇಲು. ಒಂದು ತುದಿಗೆ ‘ಕೆಳಗೆ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಪಕ್ಕದ ಹಲಗೆ ಎಡದ್ದಿರಲಿ, ಬಲದ್ದಿರಲಿ, ಆ ತುದಿ ಯಾವಾಗಲೂ ಹಲಗೆಯ ಬುಡಕ್ಕೇ ಕೂರಬೇಕು. ಎಡದ ಹಲಗೆಯಿಂದ ಬಲದ್ದಕ್ಕೆ ಹೋಗುವಾಗ ಪಟ್ಟಿಯನ್ನು ಮಗುಚಬೇಕೇ ಹೊರತು ತಲೆಕೆಳಗು ಮಾಡಬಾರದು. ಹೆಚ್ಚಿನವರು ಎಡವುವುದು ಇಲ್ಲೇ. ಪಟ್ಟಿಯನ್ನು ಕ್ಲ್ಯಾಂಪಿನಿಂದ ಬಿಗಿದು ಮೊದಲ ತೂತು ಹಾಕಿ, ಅದರೊಳಗೆ ತೂತಿನಷ್ಟೇ ದಪ್ಪದ 5 ಮಿ.ಮೀ. ಕಂಬಿಯ ತುಂಡೊಂದನ್ನು ಇಳಿಸಿದರೆ ಪಟ್ಟಿ ಮತ್ತೆ ಅಲುಗದು.

ಇನ್ನು ಆಳ. ಪಟ್ಟಿಯ 18, ಹಲಗೆಯೊಳಗೆ 10, ಒಟ್ಟು 28 ಮಿ.ಮೀ. ಬಿಟ್‌ನ ತುದಿಯಿಂದ ಅಷ್ಟು ದೂರಕ್ಕೆ ಟೇಪು ಸುತ್ತಿ, ಅದರ ಕೊನೆಯನ್ನು ಬಾವುಟದಂತೆ ಅಂಟಿಸದೆ ಬಿಡಬೇಕು. ಬಿಟ್ ಇಳಿಯುತ್ತ ಇಳಿಯುತ್ತ ಆ ಬಾವುಟ ತೂತಿನ ಬಾಯಲ್ಲಿ ಗುಡ್ಡೆಯಾದ ಮರದ ಪುಡಿಯನ್ನು ಗುಡಿಸಿ ಹಾಕುತ್ತದೆ. ಅಲ್ಲಿಗೆ ಕೈ ನಿಲ್ಲಬೇಕು. ನಡುವೆ ಮೊನೆಯಿರುವ ಬಿಟ್ ಆದರೆ ಮೇಲಿನ ಪದರ ಸಿಬಿರೇಳುವುದು ಕಡಿಮೆ. ಇಷ್ಟೆಲ್ಲ ಕಪಾಟು ಜೋಡಿಸುವ ಮೊದಲೇ ಆಗಬೇಕು. ಜೋಡಿಸಿದ ಮೇಲೆ ಡ್ರಿಲ್ ಮಷಿನ್ ಒಳಗೆ ಹಿಡಿಸುವುದೇ ಕಷ್ಟ.

ತೂತಿನಿಂದ ತೂತಿಗೆ 32 ಮಿ.ಮೀ., ಮುಂದಿನ ಅಂಚಿನಿಂದ 37 ಮಿ.ಮೀ. ಎಂಬ ಲೆಕ್ಕ ಎರಡನೇ ಮಹಾಯುದ್ಧದ ನಂತರ ಯುರೋಪಿನ ಪೀಠೋಪಕರಣ ಕಾರ್ಖಾನೆಗಳಿಂದ ಬಂದದ್ದು. ಹಲವು ಬಿಟ್‌ಗಳು ಒಟ್ಟಿಗೆ ತಿರುಗುವ ಯಂತ್ರದ ಸೌಕರ್ಯಕ್ಕೆ ಹೊಂದಿದ ಅಂತರವದು. ಮನೆಯಲ್ಲಿ ಮಾಡುವವರು ಒಂದೂಕಾಲು ಇಂಚು ಇಟ್ಟುಕೊಂಡರೂ ನಷ್ಟವಿಲ್ಲ. ನಾಲ್ಕೂ ಸಾಲು ಒಂದೇ ಪಟ್ಟಿಯಿಂದ ಬಂದಿರಬೇಕು, ಅಷ್ಟೇ.

ಅಡ್ಡಹಲಗೆಯನ್ನು ಒಳಗಲಕ್ಕಿಂತ ಎರಡು ಮಿ.ಮೀ. ಕಡಿಮೆಗೆ ಕತ್ತರಿಸಿದರೆ ಉಜ್ಜದೆ ಸರಿದಾಡುತ್ತದೆ. ಉದ್ದದ ಆಸೆ ಬೇಡ. ಪುಸ್ತಕದ ಭಾರ ಅಡಿಗೆ ಸುಮಾರು ಹತ್ತು ಕೆ.ಜಿ.; ಪುಸ್ತಕ ತುಂಬಿದ ಹಲಗೆಯ ಉದ್ದ ಎರಡರಷ್ಟಾದರೆ ಬಾಗು ಹದಿನಾರರಷ್ಟಾಗುತ್ತದೆ. ಪಿನ್ನಿನ ಮೇಲೆ ಸುಮ್ಮನೆ ಕೂತ ಹಲಗೆಗೆ ಬೇರೆ ಆಸರೆಯೂ ಇಲ್ಲ. 18 ಮಿ.ಮೀ. ಪ್ಲೈವುಡ್ಡಿಗೆ ಎರಡೂವರೆ ಅಡಿ ದಾಟಬೇಡಿ. ಅದಕ್ಕಿಂತ ಅಗಲ ಬೇಕಿದ್ದರೆ ನಡುವೆ ಇನ್ನೊಂದು ನಿಲುವು ಹಲಗೆ ಕೊಟ್ಟು, ಅದರ ಎರಡೂ ಮುಖಕ್ಕೆ ಅದೇ ಪಟ್ಟಿಯಿಂದ ತೂತು ಹಾಕಿ. ಆದರೆ ಅಲ್ಲಿ ಎರಡೂ ಕಡೆಯ ತೂತುಗಳು ಬೆನ್ನಿಗೆ ಬೆನ್ನಾಗಿ ಬೀಳುವುದರಿಂದ ಆಳವನ್ನು 8 ಮಿ.ಮೀ.ಗೆ ಇಳಿಸಿ, ಪಿನ್ನಿನ ಕಾಲು ಅದಕ್ಕೆ ಹೊಂದುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.