ಗಣಕಯಂತ್ರದಲ್ಲಿ ಕನ್ನಡ: ಎರಡು ಅಂಗೀಕಾರಗಳು

ಹೊಸ ಸಾಧನವೊಂದು ಜನರ ಬಳಕೆಗೆ ಬರುವ ಬಗೆಯನ್ನು ಕುರಿತು ಸಮಾಜಶಾಸ್ತ್ರಜ್ಞರು ಬಹುಕಾಲದಿಂದ ವಿಚಾರ ಮಾಡುತ್ತ ಬಂದಿದ್ದಾರೆ. ಇಂದು ಈ ಶಾಸ್ತ್ರದಲ್ಲಿ ಹೆಚ್ಚಾಗಿ ಕೇಳಿಬರುವುದು ಗಣಕಯಂತ್ರ, ದೂರವಾಣಿ ಮೊದಲಾದುವುಗಳ ಮಾತಾದರೂ ಅದರ ಬೀಜ ಮೊಳೆತುದು, ಮಾತಿನ ಅಕ್ಷರಾರ್ಥದಲ್ಲಿಯೇ, ಹೊಲದಲ್ಲಿ. ಅಮೆರಿಕದ ಅಯೋವಾ ಸಂಸ್ಥಾನದ ಎರಡು ಗ್ರಾಮೀಣ ಸಮುದಾಯಗಳಲ್ಲಿ 259 ಮಂದಿ ರೈತರು ಸಂಕರ ಜಾತಿಯ ಮುಸುಕಿನ ಜೋಳವನ್ನು ಒಪ್ಪಿಕೊಂಡ ಕ್ರಮವನ್ನು ರಯನ್ ಮತ್ತು ಗ್ರಾಸ್ ಎಂಬ ಇಬ್ಬರು ವಿದ್ವಾಂಸರು ಪರಿಶೀಲಿಸಿ 1943ರಲ್ಲಿ ಪ್ರಕಟಿಸಿದರು. 1928ರಲ್ಲಿ ಮಾರಾಟಕ್ಕೆ ಬಂದ ಆ ಬೀಜವನ್ನು 1941ರ ಹೊತ್ತಿಗೆ ಇಬ್ಬರನ್ನುಳಿದು ಎಲ್ಲರೂ ಬಿತ್ತುವವರಾಗಿದ್ದರು. ಆದರೆ ಬೀಜದ ಸುದ್ದಿ ಕಿವಿಗೆ ಬಿದ್ದುದಕ್ಕೂ ಅದನ್ನು ಮಣ್ಣಿಗೆ ಹಾಕಿದುದಕ್ಕೂ ನಡುವೆ ವರ್ಷಗಳೇ ಸಂದಿದ್ದುವು. ಮಾರುವವನ ಮಾತಿಗಿಂತ ನೆರೆಯವನ ಹೊಲವೇ ಅವರನ್ನು ಹೆಚ್ಚಾಗಿ ಒಪ್ಪಿಸಿತು.

ಅದೇ ಅಯೋವಾದಲ್ಲಿ ರೈತನ ಮಗನಾಗಿ ಹುಟ್ಟಿದ ಎವರೆಟ್ ರಾಜರ್ಸ್ 1962ರಲ್ಲಿ ಈ ವಿಷಯವನ್ನು ಒಂದು ಶಾಸ್ತ್ರವಾಗಿ ಕಟ್ಟಿದನು. ಅವನ ತಂದೆ ಹೊಸ ಯಂತ್ರಗಳನ್ನು ಬಹುವಾಗಿ ಮೆಚ್ಚುತ್ತಿದ್ದರೂ ಸಂಕರ ಬೀಜವನ್ನು ಮಾತ್ರ ಮುಟ್ಟದೆ, 1936ರ ಬರಗಾಲದಲ್ಲಿ ನೆರೆಯವರ ಪೈರು ನಿಂತು ತನ್ನದು ಒಣಗಿದುದನ್ನು ಕಂಡ ಮೇಲೆಯೇ ಮನಸ್ಸು ತಿರುಗಿಸಿದನಂತೆ. ಹೊಸದರಿಂದ ದೊರೆಯುವ ಅನುಕೂಲ, ಹಳೆಯ ರೂಢಿಯೊಡನೆ ಅದರ ಹೊಂದಿಕೆ, ಅದರ ತೊಡಕು, ಸ್ವಲ್ಪದರಲ್ಲಿ ಪರೀಕ್ಷಿಸಿ ನೋಡುವ ಅವಕಾಶ, ಫಲವು ಕಣ್ಣಿಗೆ ಕಾಣುವಿಕೆ ಎಂಬ ಐದು ಗುಣಗಳಿಂದ ಅಂಗೀಕಾರದ ವೇಗ ನಿರ್ಧಾರವಾಗುತ್ತದೆಂದು ರಾಜರ್ಸನ ಸಿದ್ಧಾಂತ. 1989ರಲ್ಲಿ ಫ್ರೆಡ್ ಡೇವಿಸ್ ಎಂಬಾತನು ಗಣಕಗಳ ವಿಷಯದಲ್ಲಿ ಇದನ್ನೇ ಇನ್ನಷ್ಟು ಸಂಕ್ಷೇಪಿಸಿ, ಬಳಸುವವನಿಗೆ ಉಪಯುಕ್ತವೆಂದೂ ಸುಲಭವೆಂದೂ ತೋರುವುದೇ ಮುಖ್ಯವೆಂದನು. 'ತೋರುವುದು' ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ನಮ್ಮ ಪ್ರಕೃತ ವಿಷಯದ ತಿರುಳು ಅದರಲ್ಲಿದೆ.

ಈ ಸಿದ್ಧಾಂತಗಳನ್ನು ಕಾಲೇಜುಗಳಲ್ಲಿ ಬೋಧಿಸುವಾಗ ಪರದೇಶದ ಉದಾಹರಣೆಗಳನ್ನೇ ಕೊಡುವುದು ವಾಡಿಕೆ. ನಮ್ಮ ಮೇಜಿನ ಮೇಲೆಯೇ ಇರುವ ಉದಾಹರಣೆಯೊಂದು ನಮಗೆ ಹೆಚ್ಚು ಬೋಧಪ್ರದವಾಗಿ ತೋರಿದೆ. ಅದು ಕನ್ನಡಿಗರೂ ಕನ್ನಡದ ಸಂಸ್ಥೆಗಳೂ ತಮ್ಮ ಲಿಪಿಯನ್ನು ಗಣಕಯಂತ್ರಕ್ಕೆ ಒಪ್ಪಿಸಿದ ಕಥೆ. ಈ ಅಂಗೀಕಾರ ಒಮ್ಮೆ ಆದುದಲ್ಲ, ಎರಡು ಸಲ ಆಯಿತು. ಮೊದಲನೆಯದು ಎಷ್ಟು ಚೆನ್ನಾಗಿ ನೆರವೇರಿತೋ ಅಷ್ಟರಮಟ್ಟಿಗೆ ಅದು ಎರಡನೆಯದಕ್ಕೆ ಅಡ್ಡವಾಯಿತು.

ಮೊದಲು ಯಂತ್ರದ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಗಣಕವು ಅಕ್ಷರವನ್ನು ಅರಿಯದು, ಅಂಕಿಯನ್ನು ಮಾತ್ರ ಅರಿಯುತ್ತದೆ. ಇಂತಹ ಅಕ್ಷರಕ್ಕೆ ಇಂತಹ ಅಂಕಿಯೆಂದು ಯಾರಾದರೂ ಕಟ್ಟು ಮಾಡಿದರೆ ಆ ಸಂಕೇತದಂತೆ ಅದು ನಡೆಯುತ್ತದೆ. ರೋಮನ್ ಲಿಪಿಗೆ ಇಂತಹ ಕಟ್ಟುಪಾಡು ಬಹಳ ಹಿಂದೆಯೇ ಆಗಿದ್ದಿತು, ಕನ್ನಡಕ್ಕೆ ಬಳಕೆಯಲ್ಲಿರಲಿಲ್ಲ. ಆದುದರಿಂದ ಕನ್ನಡದ ತಂತ್ರಾಂಶಗಳನ್ನು ರಚಿಸಿದವರು ಒಂದು ಜಾಣ ಉಪಾಯ ಹೂಡಿದರು. ರೋಮನ್ ಅಕ್ಷರಗಳ ಅಂಕಿಗಳನ್ನು ಹಾಗೆಯೇ ಇರಗೊಟ್ಟು, ಅವುಗಳ ಚಿತ್ರಗಳನ್ನು ಮಾತ್ರ ತೆಗೆದು, ಆ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದರು. ಯಂತ್ರವು ತಾನು ಇಂಗ್ಲಿಷ್ ಬರೆಯುತ್ತಿರುವೆನೆಂದೇ ನಂಬಿತ್ತು; ಕಾಗದದ ಮೇಲೆ ಮೂಡುತ್ತಿದ್ದುದು ಕನ್ನಡ.

ಸ್ಥಾನಗಳು ಮಿತವಾದುದರಿಂದ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಅಲ್ಲಿ ತುಂಬುವುದು ಅಶಕ್ಯ. ಆದುದರಿಂದ ಅಚ್ಚುಮೊಳೆಯ ಕಾಲದ ಮತ್ತು ಬೆರಳಚ್ಚು ಯಂತ್ರದ ಹಳೆಯ ಯುಕ್ತಿಯೇ ಮರಳಿ ಬಂದಿತು: ಅಕ್ಷರವನ್ನು ತುಂಡು ಮಾಡಿ ತುಂಡುಗಳನ್ನು ಜೋಡಿಸುವುದು. 'ನುಡಿ' ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ 'ಕನ್ನಡ' ಎಂಬ ಪದ ಹೇಗೆ ಶೇಖರವಾಗುತ್ತದೆಂಬುದನ್ನು ನೋಡೋಣ. ಮೊದಲು ರೋಮನ್ ಲಿಪಿಯ 'ಪಿ', ಅದು ಕಕಾರದ ಒಡಲು, ಬಳಿಕ ತಲೆಯ ಮೇಲೆ ಓರೆಗೀಟುಳ್ಳ 'ಎ', ಅದು ತಲಕಟ್ಟು, ಪೌಂಡ್ ನಾಣ್ಯದ ಗುರುತು, ಅದು ನಕಾರದ ಒಡಲು, ಮತ್ತೆ ತಲಕಟ್ಟು, ಜರ್ಮನ್ ಭಾಷೆಯ ವಿಶೇಷ ಸಕಾರವೊಂದು, ಅದು ನಕಾರದ ಒತ್ತು, ಆಮೇಲೆ 'ಕ್ಯೂ', ಅದು ಡಕಾರದ ಒಡಲು, ಕೊನೆಗೆ ಮತ್ತೊಂದು ತಲಕಟ್ಟು. ಒಟ್ಟು ಏಳು ಸಂಕೇತಗಳು. 'ಧರ್ಮ' ಎಂಬ ಪದಕ್ಕೂ ಏಳು ಬೇಕು. ಅದರಲ್ಲಿ ಧಕಾರವು ದಕಾರಕ್ಕೆ ಹೊಕ್ಕಳು ಸೀಳಿದ ರೂಪ. ಮಕಾರವಂತೂ ವಕಾರಕ್ಕೆ ಕೊಂಬು ಹಚ್ಚಿದ ರೂಪ. ಉಚ್ಚಾರಣೆಯಲ್ಲಿ ಮಕಾರಕ್ಕೆ ಮುಂಚೆ ಬರುವ ರೇಫವು ಅರ್ಕಾವತ್ತಾಗಿ ಎಲ್ಲಕ್ಕೂ ಕೊನೆಯಲ್ಲಿ ಕುಳಿತಿರುತ್ತದೆ. ಅಂದರೆ ಅಲ್ಲಿ ಶೇಖರವಾದುದು ಭಾಷೆಯಲ್ಲ, ಭಾಷೆಯ ಚಿತ್ರ. ಕೇಶಿರಾಜನು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ!

ಆದರೂ ಈ ವ್ಯವಸ್ಥೆಯನ್ನು ಹಳಿಯುವುದು ನ್ಯಾಯವಲ್ಲ. 1990ರ ದಶಕದಲ್ಲಿ ಒಬ್ಬೊಬ್ಬ ತಯಾರಕನ ತಂತ್ರಾಂಶಕ್ಕೂ ಒಂದೊಂದು ಸಂಕೇತಕ್ರಮವಿದ್ದು, ಒಂದು ಕಛೇರಿಯ ಕಡತವನ್ನು ಇನ್ನೊಂದು ಕಛೇರಿಯಲ್ಲಿ ತೆರೆಯಲಾಗುತ್ತಿರಲಿಲ್ಲ. ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ 'ನುಡಿ'ಯನ್ನು ಸಿದ್ಧಪಡಿಸಿ ಉಚಿತವಾಗಿ ಹಂಚಿದಾಗ ಈ ಅರಾಜಕತೆಗೆ ಬಹುಮಟ್ಟಿಗೆ ಕಡಿವಾಣ ಬಿದ್ದಿತು. ಅದಕ್ಕೆ ಮುಂಚೆಯೇ, 1998ರಲ್ಲಿ, ಶೇಷಾದ್ರಿವಾಸು ಅವರ 'ಬರಹ' ಹೊರಬಂದು, ವಿದೇಶಗಳಲ್ಲಿದ್ದ ಕನ್ನಡಿಗರೂ ಸೇರಿದಂತೆ ಸಾವಿರಾರು ಮಂದಿ ಮೊದಲ ಬಾರಿಗೆ ಯಂತ್ರದಲ್ಲಿ ಕನ್ನಡ ಬರೆಯುವಂತಾಯಿತು. ಕೀಲಿಮಣೆಯ ವಿಷಯದಲ್ಲಿ ಕೆ. ಪಿ. ರಾಯರು ಯೋಜಿಸಿದ ವಿನ್ಯಾಸ ಸರ್ಕಾರದ ಮನ್ನಣೆ ಪಡೆಯಿತು. ಅಲ್ಪಪ್ರಾಣಕ್ಕೆ ಒಂದು ಕೀಲಿ, ಅದನ್ನೇ ಮೇಲುಕೀಲಿಯೊಡನೆ ಒತ್ತಿದರೆ ಮಹಾಪ್ರಾಣ. ಒತ್ತಕ್ಷರಕ್ಕೆ ನಡುವೆ ಒಂದು ಕೊಂಡಿಯ ಕೀಲಿ. ಬಾಲ್ಯದಲ್ಲಿ ಕಾಗುಣಿತ ಕಲಿತವನಿಗೆ ಇದು ಅರ್ಧ ಗಂಟೆಯ ಪಾಠ. ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಕನ್ನಡವನ್ನೆಲ್ಲ ಅಡಗಿಸಿದ ಈ ಕೌಶಲಕ್ಕೆ ದೊರೆತಿರುವ ಪ್ರಶಂಸೆ ಸಾಲದೆಂದೇ ನಮ್ಮ ಅಭಿಪ್ರಾಯ.

ರಾಜರ್ಸನ ಐದು ಗುಣಗಳನ್ನು ಇಲ್ಲಿ ಹಚ್ಚಿ ನೋಡಿದರೆ ಮೊದಲ ಅಂಗೀಕಾರ ಏಕೆ ಅಷ್ಟು ಬೇಗ ನೆರವೇರಿತೆಂಬುದು ಸ್ಪಷ್ಟವಾಗುತ್ತದೆ. ಅನುಕೂಲವನ್ನು ಹೇಳಬೇಕಾಗಿಯೇ ಇಲ್ಲ: ಬೆರಳಚ್ಚಿನಲ್ಲಿ ಒಂದು ತಪ್ಪಿಗಾಗಿ ಇಡೀ ಹಾಳೆಯನ್ನು ಮತ್ತೆ ಹೊಡೆಯಬೇಕಾಗಿದ್ದ ಗುಮಾಸ್ತನಿಗೆ ತಿದ್ದಿ ಮುದ್ರಿಸುವ ಸೌಕರ್ಯ ವರದಂತೆ ಒದಗಿತು. ಹೊಂದಿಕೆಯೂ ಇದ್ದಿತು, ಕಛೇರಿಯಲ್ಲಿ ಬೇಕಾಗಿದ್ದುದು ಕಾಗದ, ಬಂದುದೂ ಕಾಗದ. ಫಲವಂತೂ ಮುದ್ರಕದಿಂದ ಹೊರಬೀಳುತ್ತಲೇ ಕಣ್ಣೆದುರಿಗೆ ಇರುತ್ತಿತ್ತು. ಗಣಕವನ್ನು ನಾವು ಉತ್ತಮವಾದ ಬೆರಳಚ್ಚು ಯಂತ್ರವೆಂದು ಅಂಗೀಕರಿಸಿದೆವು. ಅದೂ ಅದನ್ನು ಚೆನ್ನಾಗಿಯೇ ನಿರ್ವಹಿಸಿತು.

ನಷ್ಟವಿದ್ದುದು ಕಣ್ಣಿಗೆ ಕಾಣದೆಡೆಯಲ್ಲಿ. ಹೀಗೆ ಶೇಖರವಾದ ಪಠ್ಯದಲ್ಲಿ ಪದಗಳನ್ನು ಅಕಾರಾದಿಯಾಗಿ ಅಳವಡಿಸು ಎಂದರೆ ಯಂತ್ರವು ರೋಮನ್ ಕ್ರಮದಲ್ಲಿ ಅಳವಡಿಸುತ್ತದೆ. ವಕಾರವನ್ನು ಹುಡುಕಿದರೆ ಮಕಾರವೂ ಸಿಕ್ಕುತ್ತದೆ. ದೊಡ್ಡ 'ಕ್ಯೂ' ಎಂಬುದು 'ಕಿ', ಚಿಕ್ಕ 'ಕ್ಯೂ' ಎಂಬುದು ಡಕಾರದ ಒಡಲು. ಆದರೆ ದೊಡ್ಡಕ್ಷರ ಚಿಕ್ಕಕ್ಷರಗಳು ಒಂದೇ ಎಂದು ಬಗೆಯುವ ಇಂಗ್ಲಿಷ್ ತಂತ್ರಾಂಶಕ್ಕೆ ಈ ಭೇದ ತಿಳಿಯದು. ವಾಕ್ಯದ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುವ ಅದರ ಉಪಕಾರಬುದ್ಧಿಯಿಂದ ಕೆಟ್ಟ ಕನ್ನಡ ವಾಕ್ಯಗಳನ್ನು ಆ ಕಾಲದ ಕರಡು ತಿದ್ದುವವರೆಲ್ಲ ಬಲ್ಲರು. ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರಂತೂ ಕಾಣುವುದು ಪೌಂಡ್ ಗುರುತುಗಳೂ ಗೀಟುಳ್ಳ 'ಎ'ಗಳೂ ಮಾತ್ರ.

ಇದಕ್ಕೆ ಪರಿಹಾರವಾಗಬಲ್ಲ ಸಂಕೇತಕ್ರಮವು ಮೊದಲಿನಿಂದಲೂ ಇದ್ದಿತೆಂಬುದೇ ಆಶ್ಚರ್ಯ. 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಭಾರತೀಯ ಲಿಪಿಗಳಿಗೆಲ್ಲ ಸಾಮಾನ್ಯವಾದ ಸಂಕೇತವೊಂದನ್ನು ಪ್ರಕಟಿಸಿತು. ಅದೇ ವರ್ಷ ಲೋಕದ ಲಿಪಿಗಳನ್ನೆಲ್ಲ ಒಂದೆಡೆ ತರುವ ಯೂನಿಕೋಡಿನ ಮೊದಲ ಆವೃತ್ತಿಯೂ ಹೊರಬಂದು, ಅದರಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳು ಮೀಸಲಾದುವು. ಅಲ್ಲಿ ಶೇಖರವಾಗುವುದು ಆಕೃತಿಯಲ್ಲ, ವರ್ಣ. 'ಕನ್ನಡ' ಎಂಬುದು ಕ, ನ, ವಿರಾಮ, ನ, ಡ ಎಂಬ ಐದು ಸಂಕೇತ. 'ಧರ್ಮ' ಎಂಬುದು ಧ, ರ, ವಿರಾಮ, ಮ ಎಂಬ ನಾಲ್ಕು. ಒತ್ತು, ಅರ್ಕಾವತ್ತುಗಳ ಆಕಾರವನ್ನು ಯಂತ್ರವೇ ಬರೆಯುವಾಗ ಕೂಡಿಸಿಕೊಳ್ಳುತ್ತದೆ. ಯೂನಿಕೋಡ್ ದೋಷವಿಲ್ಲದ್ದೆಂದು ನಾವು ಹೇಳುವುದಿಲ್ಲ. ಹಳಗನ್ನಡದ ೞಕಾರಕ್ಕೆ ಅದರ ಪಟ್ಟಿಯಲ್ಲಿ 'ಫ' ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ. ನಕಾರಪೊಲ್ಲು ಸ್ಥಾನ ಪಡೆದುದು 2021ರಲ್ಲಿ. ಹಳಗನ್ನಡದ ವಿದ್ವಾಂಸರು ಈ ಮಂಡಲಿಗಳಲ್ಲಿ ಮೊದಲೇ ಕುಳಿತಿದ್ದರೆ ಇಂತಹುದು ತಪ್ಪುತ್ತಿತ್ತೇನೋ.

ಹಾಗಾದರೆ 1991ರಲ್ಲಿ ಸಿದ್ಧವಾದುದು ಕಛೇರಿಗಳಿಗೂ ಮುದ್ರಣಾಲಯಗಳಿಗೂ ಮುಟ್ಟಲು ಇಷ್ಟು ಕಾಲ ಏಕೆ ಹಿಡಿಯಿತು? ಒಂದು ಕಾರಣ ಯಂತ್ರದಲ್ಲಿಯೇ ಇದ್ದಿತು. ಆಕೃತಿಗಳನ್ನು ಕೂಡಿಸುವ ಸಾಮರ್ಥ್ಯ ವಿಂಡೋಸ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ ದೊರೆತುದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, 'ತುಂಗಾ' ಎಂಬ ಅಕ್ಷರಶೈಲಿಯೊಡನೆ. ಪುಟವಿನ್ಯಾಸಕ್ಕೆ ಎಲ್ಲರೂ ನೆಚ್ಚಿದ್ದ ಪೇಜ್‌ಮೇಕರ್ ತಂತ್ರಾಂಶ ಕೊನೆಯವರೆಗೂ ಯೂನಿಕೋಡನ್ನು ಅರಿಯಲಿಲ್ಲ. ಅದರ ಸ್ಥಾನಕ್ಕೆ ಬಂದ ಇನ್‌ಡಿಸೈನ್ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸತೊಡಗಿದುದು 2012ರಲ್ಲಿ. ಆದರೆ ಹೆಚ್ಚಿನ ಕಾರಣ ಜನರಲ್ಲಿಯೂ ಸಂಸ್ಥೆಗಳಲ್ಲಿಯೂ ಇದ್ದಿತು. ಇಂಗ್ಲಿಷ್ ಬೆರಳಚ್ಚಿನ ಕೀಲಿವಿನ್ಯಾಸ ಒಮ್ಮೆ ರೂಢಿಗೆ ಬಂದ ಮೇಲೆ ಏಕೆ ಕದಲಲಿಲ್ಲವೆಂಬುದನ್ನು ಪಾಲ್ ಡೇವಿಡ್ ಎಂಬ ಅರ್ಥಶಾಸ್ತ್ರಜ್ಞ 1985ರಲ್ಲಿ ವಿವೇಚಿಸಿದನಷ್ಟೆ. ಯಂತ್ರ, ಕೈಗಳ ಅಭ್ಯಾಸ, ಹಳೆಯ ದಾಸ್ತಾನು ಇವು ಒಂದಕ್ಕೊಂದು ಹೆಣೆದುಕೊಂಡು, ಒಂದನ್ನು ಬದಲಿಸಲು ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಮುದ್ರಣಾಲಯವು ಹಳೆಯ ಸಂಕೇತದ ಕಡತವನ್ನೇ ಕೇಳುತ್ತದೆ. ಆದುದರಿಂದ ಲೇಖಕನು ಅದರಲ್ಲಿಯೇ ಬರೆಯುತ್ತಾನೆ. ಲೇಖಕರೆಲ್ಲ ಅದರಲ್ಲಿಯೇ ಬರೆಯುವುದರಿಂದ ಮುದ್ರಣಾಲಯಕ್ಕೆ ಬದಲಾಗುವ ಅಗತ್ಯ ಕಾಣುವುದಿಲ್ಲ. ಇದಕ್ಕೆ ಡೇವಿಸನ ಮಾತನ್ನೂ ಕೂಡಿಸಬೇಕು. ಮುದ್ರಿತ ಪುಟದಲ್ಲಿ ಎರಡು ಸಂಕೇತಗಳಿಗೂ ಭೇದ ತೋರದು. ಉಪಯೋಗವು ತೋರದೆಡೆಯಲ್ಲಿ ಅಂಗೀಕಾರವೂ ಇಲ್ಲ.

ಎರಡನೆಯ ಅಂಗೀಕಾರಕ್ಕೆ ಬಾಗಿಲು ತೆರೆದವರು, ನಾವು ಗಮನಿಸಿದಂತೆ, ಕಾಗದದ ಹಂಗಿಲ್ಲದವರು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಯೂನಿಕೋಡಿನಲ್ಲಿಯೇ ಬೆಳೆಯಿತು. ಮುಂದೆ ಕೈಯಲ್ಲಿ ಹಿಡಿಯುವ ದೂರವಾಣಿಗಳು ಕನ್ನಡವನ್ನು ಸರಿಯಾಗಿ ತೋರಿಸತೊಡಗಿದಾಗ, ಯೂನಿಕೋಡೆಂಬ ಹೆಸರನ್ನೇ ಕೇಳದ ಲಕ್ಷಾಂತರ ಜನ ಅದರಲ್ಲಿ ಬರೆಯತೊಡಗಿದರು. ಅವರಿಗೆ ಬಿಡಬೇಕಾದ ಹಳೆಯ ಅಭ್ಯಾಸವಿರಲಿಲ್ಲ. ಸರ್ಕಾರವೂ ಯೂನಿಕೋಡನ್ನೇ ಶಿಷ್ಟಕ್ರಮವಾಗಿ ಒಪ್ಪಿತು. 'ನುಡಿ', 'ಬರಹ'ಗಳೂ ಅದಕ್ಕೆ ಹೊಂದಿಕೊಂಡುವು. ತಡವಾಗಿ ಬಂದವರು ವಿದ್ವತ್ ಸಂಸ್ಥೆಗಳು ಎಂದು ಹೇಳಲು ಸಂಕೋಚವಾಗುತ್ತದೆ. ನಮ್ಮನ್ನೂ ಸೇರಿಸಿಯೇ ಈ ಮಾತು.

ಪಿಎಚ್.ಡಿ. ಪ್ರಬಂಧಗಳ ಗತಿಯನ್ನು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ನಿಯಮಗಳಂತೆ ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸಬೇಕಾಯಿತು. ಅವು 'ಶೋಧಗಂಗಾ' ಭಂಡಾರದಲ್ಲಿ ಸೇರುತ್ತಿವೆ. ಹಳೆಯ ಸಂಕೇತದಲ್ಲಿ ಸಿದ್ಧವಾದ ಕನ್ನಡ ಪ್ರಬಂಧದ ಪುಟ ಅಲ್ಲಿ ಕಣ್ಣಿಗೆ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆದರೆ ಅದರಲ್ಲಿ 'ವೀರಗಲ್ಲು' ಎಂದು ಹುಡುಕಿದ ವಿದ್ಯಾರ್ಥಿಗೆ ಏನೂ ದೊರೆಯುವುದಿಲ್ಲ. ಒಂದು ವಾಕ್ಯವನ್ನು ಎತ್ತಿಕೊಂಡರೆ ಬರುವುದು ರೋಮನ್ ಗೊಂದಲ. ವೀರಗಲ್ಲುಗಳನ್ನು ಕುರಿತ ಅಧ್ಯಾಯವೇ ಅಲ್ಲಿದ್ದರೂ ಹುಡುಕುವವನ ಪಾಲಿಗೆ ಅದು ಇಲ್ಲದಂತೆಯೇ. ಕನ್ನಡದಲ್ಲಿ ಸಂಶೋಧನೆ ನಡೆದಿಲ್ಲವೆಂದು ಹೊರಗಿನವರು ಭಾವಿಸಿದರೆ ಅದರಲ್ಲಿ ಈ ಏಳು ಸಂಕೇತಗಳ ಪಾಲೂ ಉಂಟು.

ಹಳೆಯದನ್ನು ಹೊಸದಕ್ಕೆ ತಿರುಗಿಸುವ ಪರಿವರ್ತಕಗಳು ಇವೆ, ಒಳ್ಳೆಯವೂ ಇವೆ. ನಮ್ಮ ವಿಭಾಗದ ಕಪಾಟಿನಲ್ಲಿದ್ದ ಹಳೆಯ ಅಡಕಮುದ್ರಿಕೆಗಳ ಕಡತಗಳನ್ನು ಅವುಗಳಿಂದ ತಿರುಗಿಸಲು ತೊಡಗಿದಾಗ ನಮಗೆ ಕಂಡುಬಂದುದಿಷ್ಟು. ಸಾಮಾನ್ಯ ಗದ್ಯ ಬಹುಮಟ್ಟಿಗೆ ಸರಿಯಾಗಿ ಬರುತ್ತದೆ. ತೊಡಕು ಹುಟ್ಟುವುದು ಒತ್ತಿನ ಮೇಲೆ ಅರ್ಕಾವತ್ತು ಬಂದೆಡೆಯಲ್ಲಿ, ಹಳಗನ್ನಡದ ಱಕಾರ ೞಕಾರಗಳಲ್ಲಿ, ಮತ್ತು ಕನ್ನಡದ ನಡುವೆ ನಿಜವಾದ ಇಂಗ್ಲಿಷ್ ಪದ ಸೇರಿದ್ದೆಡೆಯಲ್ಲಿ. ಪರಿವರ್ತಕವು ಆ ಇಂಗ್ಲಿಷನ್ನೂ ಕನ್ನಡವೆಂದು ಬಗೆದು ಅರ್ಥವಿಲ್ಲದ ಅಕ್ಷರಗಳ ಸಾಲನ್ನು ಹೊರಡಿಸುತ್ತದೆ. ಆದುದರಿಂದ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಒಬ್ಬರು ಓದಿ ಒಬ್ಬರು ನೋಡುವ, ತಾಳೆಯೋಲೆಯ ಸಂಪಾದಕರಿಗೆ ಪರಿಚಿತವಾದ ಕ್ರಮವನ್ನೇ ಹಿಡಿಯಬೇಕಾಯಿತು. ಯಾವ ತಂತ್ರಾಂಶದಲ್ಲಿ, ಯಾವ ಅಕ್ಷರಶೈಲಿಯಲ್ಲಿ ಬರೆದುದೆಂಬುದು ಗೊತ್ತಿದ್ದರೆ ಕೆಲಸ ಅರ್ಧಕ್ಕಿಳಿಯುತ್ತದೆ. ಹಳೆಯ ಕಡತಗಳನ್ನು ಒಪ್ಪಿಸುವವರು ಇದೊಂದನ್ನು ಚೀಟಿಯಲ್ಲಿ ಬರೆದು ಲಗತ್ತಿಸಿದರೆ ಉಪಕಾರವಾಗುತ್ತದೆ. ಅಕ್ಷರಶೈಲಿಯ ಹೆಸರೇ ತಿಳಿಯದ ಕೆಲವು ಕಡತಗಳು ನಮ್ಮಲ್ಲಿ ಉಳಿದಿವೆ. ಅವುಗಳ ಮುದ್ರಿತ ಪ್ರತಿಗಳೂ ದೊರೆತಿಲ್ಲ.