ಮುಸುರೆ ನೀರಿನ ಕಿತ್ತಳೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಿವರ್‌ಸೈಡ್ ಎಂಬ ಊರಿದೆ. ಅಲ್ಲಿ ಮ್ಯಾಗ್ನೋಲಿಯಾ ಮತ್ತು ಆರ್ಲಿಂಗ್ಟನ್ ರಸ್ತೆಗಳು ಕೂಡುವ ಮೂಲೆಯಲ್ಲಿ, ಬೇಲಿಯೊಳಗೆ, ಮೈತುಂಬ ಬಲೆ ಹೊದ್ದುಕೊಂಡು ಒಂದು ಕಿತ್ತಳೆ ಮರ ನಿಂತಿದೆ. ವಯಸ್ಸು ನೂರೈವತ್ತು ದಾಟಿದೆ, ಇನ್ನೂ ಹಣ್ಣು ಬಿಡುತ್ತದೆ. ನಮ್ಮ ಸೂಪರ್‌ಮಾರ್ಕೆಟ್ಟುಗಳಲ್ಲಿ ಸ್ಟಿಕ್ಕರ್ ಅಂಟಿಸಿಕೊಂಡು ಕೂತಿರುತ್ತದಲ್ಲ, ಬೀಜವಿಲ್ಲದ, ತುದಿಯಲ್ಲಿ ಹೊಕ್ಕುಳಿನಂಥ ಗುಳಿ ಇರುವ ದಪ್ಪ ಸಿಪ್ಪೆಯ ಕಿತ್ತಳೆ, ಕ್ಯಾಲಿಫೋರ್ನಿಯಾದಲ್ಲಿ ಅದರ ವಂಶ ಹಬ್ಬಿದ್ದು ಈ ಮರ ಮತ್ತು ಇದರ ಜೊತೆಗಾರ ಮರದಿಂದ. ಎರಡನ್ನೂ ನೆಟ್ಟದ್ದು ತೋಟದಲ್ಲಲ್ಲ, ಒಂದು ಮನೆಯ ಅಂಗಳದಲ್ಲಿ.

ನೆಟ್ಟವರು ಎಲೈಜಾ ಟಿಬೆಟ್ಸ್. ನಮ್ಮ ಕಡೆಯವರಾಗಿದ್ದರೆ ಎಲೈಜಮ್ಮ ಎಂದೇ ಹೆಸರಾಗುತ್ತಿದ್ದರು. 1823ರಲ್ಲಿ ಸಿನ್ಸಿನಾಟಿಯಲ್ಲಿ ಹುಟ್ಟಿದ ಈ ಹೆಂಗಸು ಸತ್ತವರ ಆತ್ಮದೊಡನೆ ಮಾತಾಡಬಹುದೆಂದು ನಂಬಿದವರು, ಹೆಂಗಸರಿಗೆ ಮತದ ಹಕ್ಕು ಬೇಕೆಂದು ಹೋರಾಡಿದವರು. ಮುಖಚಹರೆ ವಿಕ್ಟೋರಿಯಾ ರಾಣಿಯನ್ನೇ ಹೋಲುತ್ತಿತ್ತಂತೆ. ರಾಣಿಯ ಹಾಗೆ ಉಡುಪು ತೊಟ್ಟು ತೆಗೆಸಿಕೊಂಡ ಒಂದು ಫೋಟೋ ಇದೆ. ನೋಡಿದವರಿಗೆ ಹೋಲಿಕೆ ಸುಳ್ಳೆನಿಸುವುದಿಲ್ಲ.

ಅವರ ಕೈಗೆ ಸಸಿ ಬಂದ ದಾರಿ ಸುತ್ತುಬಳಸಿನದು. ಬ್ರೆಜಿಲ್‌ನ ಬಾಹಿಯಾ ಪ್ರಾಂತದಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ಒಂದು ಕಿತ್ತಳೆ ಮರದ ಕೊಂಬೆ ತನ್ನಷ್ಟಕ್ಕೆ ಗುಣ ಬದಲಿಸಿ, ಬೀಜವಿಲ್ಲದ ಹಣ್ಣು ಬಿಟ್ಟಿತು. ಈ ಹಣ್ಣನ್ನು ಉದ್ದಕ್ಕೆ ಸೀಳಿ ನೋಡಿ: ತುದಿಯಲ್ಲಿ ಸಣ್ಣ ಸಣ್ಣ ತೊಳೆಗಳ ಇನ್ನೊಂದು ಮರಿಹಣ್ಣು ಹುದುಗಿರುತ್ತದೆ. ಹೊರಗೆ ಹೊಕ್ಕುಳಾಗಿ ಕಾಣುವುದು ಅದೇ. ವಾಷಿಂಗ್ಟನ್ನಿನ ಕೃಷಿ ಇಲಾಖೆಯಲ್ಲಿದ್ದ ವಿಲಿಯಂ ಸಾಂಡರ್ಸ್ ಎಂಬ ತೋಟಗಾರಿಕೆ ತಜ್ಞ ಇದನ್ನು ತರಿಸಿದರು. ಮೊದಲ ಸಲ ಬಂದ ಸಸಿಗಳು ದಾರಿಯಲ್ಲೇ ಸತ್ತವು. 1870ರಲ್ಲಿ ಹನ್ನೆರಡು ಕಸಿಗಿಡಗಳು ಜೀವಂತ ಬಂದವು. ಅವುಗಳಿಂದ ಕಣ್ಣು ತೆಗೆದು ಕಸಿ ಮಾಡಿ ಕೇಳಿದವರಿಗೆಲ್ಲ ಹಂಚಿದರು. ಫ್ಲಾರಿಡಾದ ತೇವದಲ್ಲಿ ಅದು ಸರಿಯಾಗಿ ಕಾಯಿ ಕಚ್ಚಲಿಲ್ಲ. ರಿವರ್‌ಸೈಡಿನ ಒಣಹವೆಯಲ್ಲಿ, 1873ರಲ್ಲಿ ಎಲೈಜಮ್ಮನ ಅಂಗಳ ಸೇರಿದ ಸಸಿಗಳಿಗೆ ಬೇರೆಯೇ ಯೋಗ ಕಾದಿತ್ತು. ಮೂರರಲ್ಲಿ ಒಂದನ್ನು ಹಸು ತುಳಿದು ಹಾಕಿತಂತೆ. ಉಳಿದದ್ದು ಎರಡು.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಮನೆಯ ಯಜಮಾನನ ಜಗಳ. ಲೂಥರ್ ಟಿಬೆಟ್ಸ್ ಕೋರ್ಟು ಮೆಟ್ಟಿಲು ಹತ್ತುವುದನ್ನೇ ಕಸುಬು ಮಾಡಿಕೊಂಡಿದ್ದ ಮನುಷ್ಯ. ಊರಿಗೆ ಕಾಲುವೆ ನೀರು ಕೊಡುತ್ತಿದ್ದ ಕಂಪನಿಯೊಡನೆ ಆತನಿಗೆ ಹಾವು ಮುಂಗುಸಿ ಸಂಬಂಧ. ಮಳೆ ಇಲ್ಲದ ಊರು, ಕಾಲುವೆ ನೀರಿಲ್ಲದ ಮನೆ, ಅಂಗಳದಲ್ಲಿ ಎರಡು ಎಳೆಯ ಕಿತ್ತಳೆ. ಎಲೈಜಮ್ಮ ಪಾತ್ರೆ ತೊಳೆದ ಮುಸುರೆ ನೀರನ್ನು ಚೆಲ್ಲದೆ ಹೊತ್ತು ತಂದು ಬುಡಕ್ಕೆ ಹಾಕಿ ಅವನ್ನು ಉಳಿಸಿಕೊಂಡರು ಎಂದು ರಿವರ್‌ಸೈಡಿನ ಜನ ಇಂದಿಗೂ ಹೇಳುತ್ತಾರೆ. ಗಂಡಸು ನೀರಿಗಾಗಿ ಊರಿನ ಮೇಲೆ ಜಗಳಕ್ಕೆ ಹೋದ, ಹೆಂಗಸು ಇದ್ದ ನೀರಲ್ಲೇ ಗಿಡ ಬೆಳೆಸಿದರು. ಮುಂದೆ ಕೀರ್ತಿ ಹಂಚುವ ಹೊತ್ತು ಬಂದಾಗ ಲೂಥರನ ಹೆಸರೂ ಬಂತು, ನೆರೆಹೊರೆಯ ಗಂಡಸರ ಹೆಸರೂ ಬಂತು. ಎಲೈಜಮ್ಮನ ಪ್ರತಿಮೆ ಆ ಊರಿನಲ್ಲಿ ನಿಲ್ಲಬೇಕಾದರೆ 2011ರವರೆಗೆ ಕಾಯಬೇಕಾಯಿತು.

1870ರ ದಶಕ ಮುಗಿಯುವಷ್ಟರಲ್ಲಿ ಹಣ್ಣು ಪ್ರದರ್ಶನಕ್ಕೆ ಬಂತು. ಆಮೇಲೆ ಕಣ್ಣು ಕೇಳಿಕೊಂಡು ಬರುವವರ ಕಾಟ. ಬೀಜವೇ ಇಲ್ಲದ ಹಣ್ಣಿನ ಸಂತಾನ ಬೇಕೆಂದರೆ ಕಸಿ ಮಾಡಲೇಬೇಕು, ಕಸಿಗೆ ಆ ಮರದ ಕಡ್ಡಿಯೇ ಬೇಕು. ಕದಿಯುವವರನ್ನು ತಡೆಯಲು ಮುಳ್ಳುತಂತಿ ಕಟ್ಟಿದರೆಂದು ಹೇಳುತ್ತಾರೆ. 1895ರ ವೇಳೆಗೆ ರಿವರ್‌ಸೈಡ್ ತಲಾ ಆದಾಯದಲ್ಲಿ ಅಮೆರಿಕಕ್ಕೇ ಶ್ರೀಮಂತ ಊರೆಂದು ಹೆಸರು ಪಡೆಯಿತು. ಎಲೈಜಮ್ಮ 1898ರಲ್ಲಿ ತೀರಿಕೊಂಡರು. ಆಸ್ತಿಯನ್ನೆಲ್ಲ ವ್ಯಾಜ್ಯಕ್ಕೆ ಸುರಿದ ಲೂಥರ್ 1902ರಲ್ಲಿ ಬಡವರ ಆಸ್ಪತ್ರೆಯಲ್ಲಿ ಸತ್ತ.

ಮಾಲೀಕರು ಹೋದ ಮೇಲೆ ಮರಗಳಿಗೆ ರಾಜಮರ್ಯಾದೆ ಸಿಕ್ಕಿತು. ಒಂದನ್ನು ಕಿತ್ತು ಊರಿನ ದೊಡ್ಡ ಹೋಟೆಲಿನ ಮುಂದೆ ನೆಟ್ಟರು. 1903ರ ಮೇ ತಿಂಗಳಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಖುದ್ದು ಗುದ್ದಲಿ ಹಿಡಿದು ಮಣ್ಣು ಹಾಕಿದರು. ಆ ಮರ 1921ರಲ್ಲಿ ಸತ್ತಿತು. ಗಣ್ಯರ ಕೈಯಿಂದ ನೆಟ್ಟ ಗಿಡಗಳ ಪಾಡು ನಮಗೇನೂ ಹೊಸದಲ್ಲ.

ಅಧ್ಯಕ್ಷರ ಭಾಗ್ಯ ಕಾಣದ ಇನ್ನೊಂದಕ್ಕೂ 1918ರಲ್ಲಿ ಬುಡ ಕೊಳೆಯತೊಡಗಿತು. ಬುಡದಲ್ಲಿ ತೇವ ನಿಂತರೆ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ತೊಗಟೆ ತಿನ್ನುತ್ತದೆ, ಅಂಟು ಸುರಿಯುತ್ತದೆ, ಬೇರಿನ ದಾರಿ ಕಡಿದುಹೋಗುತ್ತದೆ. ಊರಿನ ಸಿಟ್ರಸ್ ಪ್ರಯೋಗ ಕೇಂದ್ರದವರು ಮಾಡಿದ ಉಪಾಯ ನೋಡಿ: ಮರದ ಸುತ್ತ ರೋಗ ತಡೆಯುವ ಬೇರಿನ ಎಳೆಯ ಸಸಿಗಳನ್ನು ನೆಟ್ಟರು. ಅವುಗಳ ತುದಿಯನ್ನು ಓರೆಯಾಗಿ ಕೊಯ್ದು, ಕೊಳೆತ ಜಾಗದ ಮೇಲುಗಡೆ ಮುದಿಮರದ ತೊಗಟೆ ಸೀಳಿ ಒಳಗೆ ಸೇರಿಸಿ ಬಿಗಿದರು. ಸಸಿ ಮರಕ್ಕೆ ಕೂಡಿಕೊಂಡು, ಹೊಸ ಬೇರು ಹಳೆಯ ಕೊಂಬೆಗಳಿಗೆ ಅನ್ನ ನೀರು ಕೊಡತೊಡಗಿತು. 1951ರಲ್ಲಿ ಇನ್ನೊಮ್ಮೆ ಇದೇ ಚಿಕಿತ್ಸೆ. ಮುದಿಮರದ ಬುಡದ ಸುತ್ತ ಇಂದು ಕಾಣುವ ದಪ್ಪ ಕಾಲುಗಳು ಹೀಗೆ ಎರವಲು ತಂದವು.

ಮನೆಯಲ್ಲಿ ಕಿತ್ತಳೆ ಬೆಳೆಸುವವರು ಇಷ್ಟಾದರೂ ಗಮನಿಸಿದರೆ ಸಾಕು. ಕಾಂಡಕ್ಕೆ ತಾಗುವಂತೆ ಕೊಡಗಟ್ಟಲೆ ನೀರು ಸುರಿಯುವುದು ಪ್ರೀತಿಯ ಹೆಸರಿನಲ್ಲಿ ಮಾಡುವ ಹತ್ಯೆ. ಪಾತಿ ಕೊಂಬೆಗಳ ಅಂಚಿನ ಕೆಳಗಿರಲಿ, ನೀರು ಹೀರುವ ಎಳೆಬೇರು ಇರುವುದು ಅಲ್ಲೇ. ಕಸಿಯ ಗಂಟು ಎಂದೂ ಮಣ್ಣೊಳಗೆ ಹೂತುಹೋಗಬಾರದು, ಗಂಟಿನ ಕೆಳಗೆ ಹೊರಟ ಚಿಗುರನ್ನು ಕಂಡ ತಕ್ಷಣ ಚಿವುಟಬೇಕು. ಬಿಟ್ಟರೆ ಬುಡದ ಜಾತಿಯೇ ಮೇಲಾಗಿ, ನೆಟ್ಟ ಜಾತಿ ಸೊರಗುತ್ತದೆ.

ಇಷ್ಟು ಓದಿದ ಯಾವ ಕನ್ನಡಿಗನಿಗಾದರೂ ಕೊಡಗು ನೆನಪಾಗದೆ ಇರದು. ಅಲ್ಲಿನ ಕಿತ್ತಳೆಗೆ ಕಸಿಯ ಹಂಗಿರಲಿಲ್ಲ. ಒಂದೇ ಬೀಜದಲ್ಲಿ ಹಲವು ಮೊಳಕೆಗಳಿದ್ದು, ಅವುಗಳಲ್ಲಿ ಹೆಚ್ಚಿನವು ತಾಯಿಮರದ ಪಡಿಯಚ್ಚು. ಹಾಗಾಗಿ ಬೀಜ ಹಾಕಿದರೂ ತಾಯಿಯ ರುಚಿಯೇ ಬರುತ್ತಿತ್ತು. ಕಾಫಿ ತೋಟದ ನಡುನಡುವೆ, ನೆರಳಿನಲ್ಲಿ, ಹಸಿರು ಮಿಶ್ರಿತ ಹಳದಿಯ ಬಿಗಿ ಸಿಪ್ಪೆಯ ಆ ಹಣ್ಣು ತೂಗುತ್ತಿತ್ತು. ಆಮೇಲೆ ಬೇರು ಕೊಳೆತ, ಟ್ರಿಸ್ಟೀಜಾ ವೈರಸ್, ಗ್ರೀನಿಂಗ್ ರೋಗ ಒಂದರ ಹಿಂದೊಂದು ಬಂದು ತೋಟಗಳನ್ನೇ ಬಳಿದುಕೊಂಡು ಹೋದವು. ಗೋಣಿಕೊಪ್ಪ, ಚೆಟ್ಟಳ್ಳಿಗಳಲ್ಲಿ ಸಂಶೋಧನೆ ನಡೆಯಿತು. 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು, ಹಣ್ಣು ಹುಡುಕಬೇಕಾದ ಕಾಲದಲ್ಲಿ. ಇಂದು ರಸ್ತೆಬದಿಯ ರಾಶಿಗೆ ‘ಕೊಡಗಿನ ಕಿತ್ತಳೆ’ ಎಂದು ಬೋರ್ಡು ಹಾಕಿ ನಾಗಪುರದ್ದನ್ನು ತೂಗಿಕೊಡುತ್ತಾರೆ. ಕೊಳ್ಳುವವರಿಗೂ ರುಚಿ ಮರೆತಿದೆ. ರಿವರ್‌ಸೈಡಿನಲ್ಲಿ ಒಂದು ಮರಕ್ಕೆ ಎರಡು ಸಲ ಹೊಸ ಕಾಲು ಕೊಟ್ಟರು. ಇಲ್ಲಿ ಇಡೀ ತಳಿಯನ್ನು ಬಹುಮಟ್ಟಿಗೆ ಕಳಕೊಂಡು ‘ಹವೆ ಬದಲಾಯಿತು’ ಎಂದು ಸುಮ್ಮನಾದೆವು.

ಗ್ರೀನಿಂಗ್ ಈಗ ಅಲ್ಲಿಗೂ ಹೋಗಿದೆ. ಎಲೆಯ ನಡುದಿಂಡಿನ ಒಂದು ಬದಿ ಒಂದು ಬಗೆ, ಇನ್ನೊಂದು ಬದಿ ಇನ್ನೊಂದು ಬಗೆ ಹಳದಿ ಮಚ್ಚೆ ಬಿದ್ದರೆ ಅನುಮಾನಪಡಬೇಕು. ಎರಡೂ ಬದಿ ಒಂದೇ ಥರ ಬಿಳಿಚಿಕೊಂಡರೆ ಬಹುಮಟ್ಟಿಗೆ ಸತುವಿನ ಕೊರತೆ. ಈ ರೋಗಕ್ಕೆ ಮದ್ದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೊದಲು ಸಿಕ್ಕಿಬಿದ್ದದ್ದು 2012ರಲ್ಲಿ, ಹಸಿಯೆಂಡಾ ಹೈಟ್ಸ್‌ನ ಒಂದು ಮನೆಯ ಹಿತ್ತಲಿನ ಕಸಿಮರದಲ್ಲಿ. 2017ರಲ್ಲಿ ರಿವರ್‌ಸೈಡಿಗೇ ಬಂತು. ಎಲೈಜಮ್ಮನ ಮರಕ್ಕೆ ಬಲೆ ಹೊದಿಸಿದ್ದು ಅದಕ್ಕೇ.

ರೋಗ ಹೊರುವುದು ಸಿಲ್ಲಾ ಎಂಬ ಪುಟ್ಟ ಹುಳು. ತಲೆ ತಗ್ಗಿಸಿ, ಹಿಂಭಾಗ ಎತ್ತಿ, ಚಿಗುರಿನ ರಸ ಹೀರುತ್ತದೆ. ಕಿತ್ತಳೆ ನಿಂಬೆಯಷ್ಟೇ ಅದಕ್ಕೆ ಪ್ರಿಯವಾದದ್ದು ನಮ್ಮ ಕರಿಬೇವು. ಕರಿಬೇವಿಗೆ ಅದರಿಂದ ದೊಡ್ಡ ತೊಂದರೆ ಇಲ್ಲ, ಹುಳು ಮಾತ್ರ ಅಲ್ಲಿ ಸುಖವಾಗಿ ಮರಿ ಮಾಡುತ್ತದೆ. 2009ರಲ್ಲಿ ಫ್ರೆಸ್ನೊ ಊರಿಗೆ ಭಾರತದಿಂದ ಬಂದ ಪಾರ್ಸೆಲ್ಲೊಂದನ್ನು ತಪಾಸಣೆಯ ನಾಯಿ ಮೂಸಿ ಹಿಡಿಯಿತು. ಅದರೊಳಗಿನ ಕರಿಬೇವಿನಲ್ಲಿ ಹುಳು, ಹುಳುವಿನಲ್ಲಿ ರೋಗಾಣು. ಊರಿಂದ ಮಗಳ ಮನೆಗೆ ಹೊರಟ ತಾಯಂದಿರ ಚೀಲದಿಂದ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಹಸಿ ಕರಿಬೇವನ್ನು ಎತ್ತಿ ಬಿಸಾಡುವುದು ಇದಕ್ಕೇ. ದಿಗ್ಬಂಧನದ ಪ್ರದೇಶದಿಂದ ಕರಿಬೇವಿನ ಕುಂಡವನ್ನು ಆಚೆ ಸಾಗಿಸುವುದಕ್ಕೂ ಅಲ್ಲಿ ನಿರ್ಬಂಧವಿದೆ. ಸೊಪ್ಪಿಗೆ ಇಷ್ಟು ಕಾನೂನೇ ಎಂದು ಅಲ್ಲಿನ ನಮ್ಮವರು ಗೊಣಗುತ್ತಾರೆ.

ನಮ್ಮಲ್ಲಿ ಕಿತ್ತಳೆ ಸಸಿ ಮಾರುವವರು ಗೊಬ್ಬರದ ಲೆಕ್ಕ ಹೇಳುತ್ತಾರೆ, ಗುಂಡಿಯ ಅಳತೆ ಹೇಳುತ್ತಾರೆ. ಕಳೆದ ಮಳೆಗಾಲ ನನಗೆ ಸಸಿ ಕೊಟ್ಟವರು ಅದರ ಜೊತೆಗೆ ಒಂದು ಕರಿಬೇವಿನ ಗಿಡವನ್ನೂ ಪುಕ್ಕಟೆ ಕೊಟ್ಟು, ಎರಡನ್ನೂ ಬಚ್ಚಲ ನೀರು ಹರಿಯುವಲ್ಲಿ ಅಕ್ಕಪಕ್ಕ ನೆಡಿ ಸ್ವಾಮಿ ಎಂದರು.