ಕಾದಿರಿಸಿದ ಸ್ಥಳವೂ ಕಾಣದ ಯಂತ್ರವೂ

ಜಾತ್ರೆಗೆ ಹೊರಟ ಬಸ್ಸಿನ ಕಿಟಕಿಯಿಂದ ಟವಲು ಎಸೆದು ಜಾಗ ಹಿಡಿಯುವುದು ನಮ್ಮ ನಾಡಿನಲ್ಲಿ ಯಾರಿಗೂ ಕಲಿಸಬೇಕಾದ ವಿದ್ಯೆಯಲ್ಲ. ಆದರೆ ಟವಲು ಬಿದ್ದ ಮಾತ್ರಕ್ಕೆ ಜಾಗ ನಮ್ಮದಾಯಿತೆಂದು ನಂಬುವಂತಿಲ್ಲ. ನಾವು ಬಾಗಿಲಿನಿಂದ ನುಗ್ಗಿ ಒಳಗೆ ಸೇರುವ ಹೊತ್ತಿಗೆ, ಪರರಿರಲಿ, ನಮ್ಮ ಮನೆಯ ಹುಡುಗನೇ ಅಲ್ಲಿ ಕಾಲು ಚಾಚಿ ಕುಳಿತಿರಬಹುದು. ಗಣಕಯಂತ್ರಗಳ ಪ್ರಪಂಚದಲ್ಲಿಯೂ ಇಂಥದೇ ಒಂದು ಪ್ರಸಂಗ ಉಂಟೆಂಬುದನ್ನು ನಾನು ಕಳೆದ ಬೇಸಗೆಯ ರಜೆಯಲ್ಲಿ ಅನುಭವದಿಂದ ಅರಿತೆ. ಅದನ್ನು ಸಹಪಾಠಿಗಳಿಗೆ ತಿಳಿಯಹೇಳುವುದೇ ಈ ಲೇಖನದ ಉದ್ದೇಶ.

ಕ್ಲೌಡ್ ಎಂಬ ಮಾತನ್ನು ಈಗ ಎಲ್ಲರೂ ಆಡುತ್ತಾರೆ. ಅದು ಆಕಾಶದ ಮೋಡವಲ್ಲ. ನೆಲದ ಮೇಲೆಯೇ ಇರುವ ಭಾರಿ ಕಟ್ಟಡಗಳಲ್ಲಿ ಸಾಲುಸಾಲಾಗಿ ಜೋಡಿಸಿಟ್ಟ ಗಣಕಯಂತ್ರಗಳ ಸಮೂಹ. ಒಂದು ವಠಾರದಲ್ಲಿ ಹಲವು ಸಂಸಾರಗಳು ಬಾಡಿಗೆಗೆ ಇರುವಂತೆ, ಒಂದು ದೊಡ್ಡ ಯಂತ್ರವನ್ನು ತಂತ್ರಾಂಶದ ಬಲದಿಂದ ಹಲವು ಪಾಲು ಮಾಡಿ, ಒಂದೊಂದು ಪಾಲನ್ನೂ ಸ್ವತಂತ್ರ ಯಂತ್ರದಂತೆ ಬಾಡಿಗೆಗೆ ಕೊಡುತ್ತಾರೆ. ಈ ಪಾಲಿಗೇ ವರ್ಚುವಲ್ ಸರ್ವರ್ ಎಂದು ಹೆಸರು. ಅಮೆಜಾನ್ ಸಂಸ್ಥೆ ೨೦೦೬ರಲ್ಲಿ ಇಸಿ೨ ಎಂಬ ಹೆಸರಿನಿಂದ ಈ ಬಾಡಿಗೆಯ ವ್ಯವಹಾರವನ್ನು ಆರಂಭಿಸಿತು. ೨೦೧೬ರಲ್ಲಿ ಮುಂಬಯಿಯಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಇಂಥ ಒಂದೊಂದು ಕೇಂದ್ರದಲ್ಲಿಯೂ ಪ್ರತ್ಯೇಕವಾದ ಕೆಲವು ವಲಯಗಳಿರುತ್ತವೆ. ಒಂದು ವಲಯದಲ್ಲಿ ವಿದ್ಯುತ್ತು ಕೈಕೊಟ್ಟರೂ ಇನ್ನೊಂದು ನಡೆಯಬೇಕೆಂಬುದು ಈ ಏರ್ಪಾಡಿನ ಮರ್ಮ.

ಕೇಳಿದೊಡನೆ ಯಂತ್ರ ಸಿಕ್ಕುವುದರಿಂದ ಈ ಭಂಡಾರ ಎಂದೂ ಬರಿದಾಗದೆಂದು ನಾವು ಭಾವಿಸುತ್ತೇವೆ. ಅದು ಭ್ರಮೆ. ಒಂದು ವಲಯದಲ್ಲಿ ಒಂದು ಬಗೆಯ ಯಂತ್ರಗಳು ಎಷ್ಟಿವೆಯೋ ಅಷ್ಟೇ. ಎಲ್ಲವೂ ಬಾಡಿಗೆಗೆ ಹೋಗಿದ್ದರೆ ‘ಸ್ಥಳಾವಕಾಶ ಸಾಲದು’ ಎಂಬರ್ಥದ ಉತ್ತರ ತೆರೆಯ ಮೇಲೆ ಮೂಡುತ್ತದೆ. ಆಗ ಕೈಯಲ್ಲಿ ಹಣವಿದ್ದೂ ಪ್ರಯೋಜನವಿಲ್ಲ.

ಇದಕ್ಕೆ ಪರಿಹಾರವೇ ಮುಂಗಡವಾಗಿ ಸ್ಥಳ ಕಾದಿರಿಸುವುದು. ಇಲ್ಲಿ ಅನೇಕರು ಎಡವುತ್ತಾರೆ. ೨೦೦೯ರಿಂದ ರಿಸರ್ವ್ಡ್ ಇನ್‌ಸ್ಟೆನ್ಸ್ ಎಂಬ ಒಂದು ಕರಾರು ಬಳಕೆಯಲ್ಲಿದೆ. ಒಂದು ಅಥವಾ ಮೂರು ವರ್ಷದ ಮಾತು ಕೊಟ್ಟರೆ ಬಾಡಿಗೆಯಲ್ಲಿ ರಿಯಾಯಿತಿ ದೊರೆಯುತ್ತದೆ. ಹೆಸರಿನಲ್ಲಿ ಕಾದಿರಿಸುವ ಮಾತಿದ್ದರೂ, ಇಡೀ ಕೇಂದ್ರಕ್ಕೆ ಅನ್ವಯವಾಗುವಂತೆ ಕೊಂಡ ಕರಾರು ಸ್ಥಳದ ಭರವಸೆ ಕೊಡುವುದಿಲ್ಲ. ಒಂದು ವಲಯಕ್ಕೆಂದೇ ಕೊಂಡದ್ದು ಮಾತ್ರ ಕೊಡುತ್ತದೆ. ೨೦೧೮ರಲ್ಲಿ ಬಂದ ಕೆಪ್ಯಾಸಿಟಿ ರಿಸರ್ವೇಷನ್ ಬೇರೆಯೇ ಏರ್ಪಾಡು. ಇದರಲ್ಲಿ ವರ್ಷಗಳ ಕರಾರಿಲ್ಲ, ತನ್ನಷ್ಟಕ್ಕೆ ರಿಯಾಯಿತಿಯೂ ಇಲ್ಲ. ಸ್ಥಳ ಮಾತ್ರ ಉಂಟು. ಬೇಕೆಂದಾಗ ಪಡೆದು ಬೇಡವೆಂದಾಗ ಬಿಟ್ಟುಕೊಡಬಹುದು. ಕಾದಿರಿಸುವ ಕ್ಷಣದಲ್ಲಿ ಸ್ಥಳ ಖಾಲಿ ಇರಬೇಕಾದ್ದರಿಂದ ಕೊನೆಯ ಗಳಿಗೆಗೆ ಬಿಡಬಾರದು, ಅಷ್ಟೆ.

ಸ್ಥಳ ದೊರೆತ ಮೇಲೆ ನಮ್ಮ ಯಂತ್ರ ಅದರೊಳಗೆ ಹೋಗಿ ಕೂರಬೇಕಷ್ಟೆ. ಅದಕ್ಕೆ ನಾಲ್ಕು ಸಂಗತಿಗಳು ಹೊಂದಬೇಕು: ಯಂತ್ರದ ಬಗೆ ಮತ್ತು ಗಾತ್ರ, ಅದರಲ್ಲಿ ನಡೆಯುವ ಲಿನಕ್ಸ್ ಅಥವಾ ವಿಂಡೋಸ್ ಮೊದಲಾದ ವ್ಯವಸ್ಥೆ, ವಲಯ, ಮತ್ತು ಯಂತ್ರವನ್ನು ಇತರರೊಡನೆ ಹಂಚಿಕೊಳ್ಳುವೆವೋ ಇಲ್ಲವೋ ಎಂಬುದು. ಒಂದು ತಪ್ಪಿದರೂ ಯಂತ್ರ ಹೊರಗೆ, ಖಾಲಿ ಸ್ಥಳ ಒಳಗೆ. ಆ ಖಾಲಿ ಸ್ಥಳಕ್ಕೂ ಯಂತ್ರ ನಡೆಯುತ್ತಿದ್ದರೆ ಎಷ್ಟೋ ಅಷ್ಟೇ ಬಾಡಿಗೆ.

ಕಾದಿರಿಸುವುದರಲ್ಲಿ ಎರಡು ವಿಧ. ಮೊದಲನೆಯದು ‘ಓಪನ್’, ಎಂದರೆ ಮುಕ್ತ. ನಮ್ಮ ಖಾತೆಯಲ್ಲಿ ಈ ನಾಲ್ಕು ಸಂಗತಿಗಳು ಹೊಂದುವ, ಬೇಡವೆಂದು ಹೇಳಿರದ ಯಾವ ಯಂತ್ರವಾದರೂ ತಾನಾಗಿಯೇ ಅಲ್ಲಿ ಸೇರಿಕೊಳ್ಳುತ್ತದೆ. ಎರಡನೆಯದು ‘ಟಾರ್ಗೆಟೆಡ್’, ಎಂದರೆ ನಿರ್ದಿಷ್ಟ. ಇಂಥ ಕಾದಿರಿಕೆಗೇ ಹೋಗೆಂದು ಹೆಸರು ಹೇಳಿ ಕಳುಹಿಸಿದ ಯಂತ್ರಕ್ಕೆ ಮಾತ್ರ ಅಲ್ಲಿ ಪ್ರವೇಶ.

ಈಗ ನನ್ನ ಅನುಭವಕ್ಕೆ ಬರುತ್ತೇನೆ. ನನ್ನ ದೊಡ್ಡಪ್ಪನ ಮಗ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗಾಗಿ ಮಾದರಿ ಪರೀಕ್ಷೆಗಳನ್ನು ನಡೆಸುತ್ತಾನೆ. ರಜೆಯಲ್ಲಿ ನಾನು ಅವನಿಗೆ ನೆರವಾಗುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಹತ್ತು ಯಂತ್ರಗಳು ಬೇಕು. ಶನಿವಾರ ಸಂಜೆಯೇ ಹತ್ತರ ಸ್ಥಳವನ್ನು ಮುಕ್ತ ವಿಧದಲ್ಲಿ ಕಾದಿರಿಸಿ ನಿಶ್ಚಿಂತೆಯಿಂದ ಮಲಗಿದೆವು. ಬೆಳಿಗ್ಗೆ ಒಂದೊಂದಾಗಿ ಯಂತ್ರಗಳನ್ನು ಎಬ್ಬಿಸಿದಾಗ ಆರು ಎದ್ದವು. ಏಳನೆಯದಕ್ಕೆ ಸ್ಥಳವಿಲ್ಲವೆಂಬ ಉತ್ತರ ಬಂದಿತು.

“ಏನೋ ಇದು? ಹತ್ತಕ್ಕೆ ಬಾಡಿಗೆ ಕಟ್ಟಿ ಆರೇ ಎದ್ದಿವೆಯಲ್ಲೋ!” ಎಂದ ಅಣ್ಣ.

ಅಷ್ಟರಲ್ಲಿ ಪರೀಕ್ಷೆಯ ವೇಳೆಯಾಯಿತು. ಆರು ಯಂತ್ರಗಳು ಹತ್ತರ ಹೊರೆ ಹೊತ್ತು ಏದುಸಿರು ಬಿಟ್ಟವು. ಹಳ್ಳಿಯಿಂದ ಪೇಟೆಗೆ ಬಸ್ಸಿನಲ್ಲಿ ಬಂದು ಸೈಬರ್ ಅಂಗಡಿಯಲ್ಲಿ ಗಂಟೆಗಿಷ್ಟೆಂದು ಹಣ ತೆತ್ತು ಕುಳಿತಿದ್ದ ಹುಡುಗಿಯೊಬ್ಬಳು ದೂರವಾಣಿಯಲ್ಲಿ, “ಸರ್, ಪ್ರಶ್ನೆಪತ್ರಿಕೆ ತೆರೆಯುತ್ತಲೇ ಇಲ್ಲ, ಹನ್ನೆರಡಕ್ಕೆ ನನ್ನ ಬಸ್ಸು” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಇಪ್ಪತ್ತೈದು ನಿಮಿಷ ತಡಕಾಡಿದ ಮೇಲೆ ಕಾರಣ ಕಂಡಿತು. ವಾರದ ಹಿಂದೆ ಪ್ರಯೋಗಕ್ಕೆಂದು ನಾನೇ ಎಬ್ಬಿಸಿ ಮರೆತಿದ್ದ ನಾಲ್ಕು ಯಂತ್ರಗಳು ಅದೇ ಬಗೆಯವು, ಅದೇ ವಲಯದವು. ನಾವು ಸ್ಥಳ ಕಾದಿರಿಸಿದ ಕ್ಷಣವೇ ಅವು ಒಳಗೆ ಸೇರಿದ್ದವು. ‘ಒಟ್ಟು ೧೦, ಉಳಿದದ್ದು ೬’ ಎಂದು ತೆರೆಯ ಮೇಲೆಯೇ ಬರೆದಿತ್ತು. ನಾವು ಒಟ್ಟನ್ನು ಓದಿದೆವು, ಉಳಿದದ್ದನ್ನು ಓದಲಿಲ್ಲ. ಹೊರಗಿನಿಂದ ನಾಲ್ಕು ಯಂತ್ರ ತರೋಣವೆಂದರೆ ವಲಯ ಆಗಲೇ ತುಂಬಿತ್ತು. ಇದರಲ್ಲಿ ಬಾಡಿಗೆಗೆ ಕೊಟ್ಟವರ ತಪ್ಪೇನೂ ಇಲ್ಲ, ತಪ್ಪು ನನ್ನದು. ಪ್ರಯೋಗದ ಯಂತ್ರಗಳನ್ನು ನಿಲ್ಲಿಸಿದೊಡನೆ ನಾಲ್ಕು ಸ್ಥಳಗಳು ತೆರವಾದವು, ಉಳಿದ ಯಂತ್ರಗಳು ಎದ್ದವು. ಪರೀಕ್ಷೆಯ ಅವಧಿಯನ್ನು ಅರ್ಧ ಗಂಟೆ ಮುಂದುವರಿಸಿದೆವು. ಆದರೆ ಹನ್ನೆರಡರ ಬಸ್ಸು ಯಾರಿಗಾಗಿಯೂ ಅರ್ಧ ಗಂಟೆ ನಿಲ್ಲುವುದಿಲ್ಲ.

ಅಂದಿನಿಂದ ಪರೀಕ್ಷೆಗೆ ನಿರ್ದಿಷ್ಟ ವಿಧದಲ್ಲಿಯೇ ಕಾದಿರಿಸುತ್ತೇವೆ. ಯಂತ್ರಗಳನ್ನು ಹೆಸರು ಹೇಳಿ ಒಳಗೆ ಕಳುಹಿಸುತ್ತೇವೆ. ಪ್ರಯೋಗದ ಯಂತ್ರಗಳಿಗೆ ‘ಕಾದಿರಿಸಿದ ಸ್ಥಳ ಬೇಡ’ ಎಂದು ಗುರುತು ಹಾಕುತ್ತೇವೆ. ಹೊತ್ತಿಗೆ ಮುಂಚೆ ಉಳಿದದ್ದೆಷ್ಟೆಂದು ನೋಡುತ್ತೇವೆ. ಖರ್ಚಿನ ಲೆಕ್ಕವನ್ನೂ ಕಲಿತೆವು: ಹತ್ತು ಸ್ಥಳಗಳನ್ನು ಹದಿನೆಂಟು ಗಂಟೆ ಹಿಡಿದರೆ ೧೮೦ ಗಂಟೆಗಳ ಬಾಡಿಗೆ, ಪರೀಕ್ಷೆ ಮೂರೇ ಗಂಟೆಯಾದರೆ ಅದರಲ್ಲಿ ೧೫೦ ಗಂಟೆ ಬರಿಯ ಕಾವಲಿಗೆ. ಕೆಲಸ ಮುಗಿದೊಡನೆ ಸ್ಥಳವನ್ನು ಬಿಟ್ಟುಕೊಡಬೇಕು. ಬಿಟ್ಟರೆ ನಡೆಯುವ ಯಂತ್ರ ನಿಂತೀತೆಂಬ ಅಂಜಿಕೆ ಬೇಡ. ಅದು ಸಾಮಾನ್ಯ ಬಾಡಿಗೆಯ ಯಂತ್ರದಂತೆ ನಡೆಯುತ್ತಲೇ ಇರುತ್ತದೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ನಾವು ಬಾಗಿಲನ್ನೇನೋ ಮೊದಲೇ ಹಾಕಿದ್ದೆವು. ಒಳಗೆ ಯಾರಿದ್ದಾರೆಂದು ನೋಡಿರಲಿಲ್ಲ. ಸ್ಥಳ ಕಾದಿರಿಸುವುದು ಅರ್ಧ ಕೆಲಸ. ಅಲ್ಲಿ ಕೂರಬೇಕಾದವರೇ ಕುಳಿತರೇ ಎಂದು ನೋಡುವುದು ಉಳಿದರ್ಧ. ಆ ಹುಡುಗಿ ಮುಂದಿನ ತಿಂಗಳ ಪರೀಕ್ಷೆಗೂ ಹೆಸರು ಕೊಟ್ಟಳು. ಅಂದು ಒಂಬತ್ತು ಗಂಟೆಗೆ ಹತ್ತೂ ಯಂತ್ರಗಳನ್ನು ಎಬ್ಬಿಸಿ, ಎರಡೆರಡು ಸಲ ಎಣಿಸಿ ಕುಳಿತಿದ್ದೆ. ಹನ್ನೆರಡರ ಬಸ್ಸಿಗೆ ಮೊದಲೇ ಅವಳ ಉತ್ತರಪತ್ರಿಕೆ ಬಂದು ಸೇರಿತು.